ಹಳದಿ ಪಿನ್ನು ಕಲೆಸಿಬಿಡುವ ಬಣ್ಣ

ಹಳೇ ಡಿವಿಡಿ ಪ್ಲೇಯರಿನ ಹಳದಿ ಪಿನ್ನನ್ನು ಟಿವಿಯ ಹಸಿರು ತೂತಿಗೆ ಸಿಕ್ಕಿಸಿ ನೋಡಿದ್ದೀರಾ? ಟಿವಿ ಕಾಂಪೊನೆಂಟ್ ಮೋಡಿನಲ್ಲಿದ್ದರೆ, ಅಂದರೆ ಹಸಿರು-ನೀಲಿ-ಕೆಂಪು ತೂತುಗಳನ್ನು ಓದುವ ಮೋಡಿನಲ್ಲಿದ್ದರೆ, ಚಿತ್ರವೇನೋ ಬರುತ್ತದೆ, ಆದರೆ ಕಪ್ಪು-ಬಿಳುಪು. ಹತ್ತಿರ ಹೋಗಿ ದಿಟ್ಟಿಸಿದರೆ ನಾಯಕಿಯ ಕೆಂಪು ಸೀರೆ ಇರಬೇಕಾದಲ್ಲಿ ಸಣ್ಣ ಚುಕ್ಕಿಗಳ ಬಲೆ. ಆ ಚುಕ್ಕಿಗಳೇ ಬಣ್ಣ! ಅದನ್ನು ಬಿಡಿಸಿ ಓದುವ ಗೋಜಿಗೆ ಟಿವಿ ಹೋಗಿಲ್ಲ, ಅಷ್ಟೆ.

ಡಿಸ್ಕಿನಲ್ಲಿ ಮಾತ್ರ ಬೆಳಕು (ಎಲ್ಲಿ ಎಷ್ಟು ಹೊಳಪು ಎಂಬ ಲೆಕ್ಕ), ಬಣ್ಣ ಎರಡೂ ಬೇರೆಬೇರೆಯಾಗಿಯೇ ಇರುತ್ತವೆ. ನಮ್ಮ ಟಿವಿಗಳ ಪಾಲ್ ಪದ್ಧತಿಯ ಡಿವಿಡಿಯಲ್ಲಿ ಬೆಳಕಿನ ಪದರ 720×576 ಪಿಕ್ಸೆಲ್‌ಗಳದ್ದು; ಬಣ್ಣದ ಎರಡು ಪದರಗಳು ತಲಾ 360×288. ಬಣ್ಣದ ಅಂಚುಗಳ ವಿಷಯದಲ್ಲಿ ನಮ್ಮ ಕಣ್ಣು ಅಷ್ಟು ಚುರುಕಲ್ಲವಾದ್ದರಿಂದ ಈ ಉಳಿತಾಯ ಗೊತ್ತಾಗುವುದಿಲ್ಲ. ಹಾಗಾಗಿ ಕೇಬಲ್ ಆರಿಸುವಾಗ ಕೇಳಬೇಕಾದ್ದು ಒಂದೇ: ಈ ಮೂರು ಪದರಗಳು ಟಿವಿ ತಲುಪುವವರೆಗೆ ಬೇರೆಯಾಗಿ ಉಳಿಯುತ್ತವೆಯೇ?

ಹಳದಿ ಪಿನ್ನು, ಅಂದರೆ ಕಾಂಪೋಸಿಟ್, ಮೂರನ್ನೂ ಒಂದೇ ತಂತಿಗೆ ಸುರಿಯುತ್ತದೆ. ಈ ಉಪಾಯ ಹುಟ್ಟಿದ್ದು ಪ್ರಸಾರಕ್ಕಾಗಿ. 1953ರಲ್ಲಿ ಅಮೆರಿಕ ಬಣ್ಣದ ಟಿವಿಗೆ ಎನ್‌ಟಿಎಸ್‌ಸಿ ಪದ್ಧತಿಯನ್ನು ಒಪ್ಪಿಕೊಂಡಾಗ, ಮನೆಗಳಲ್ಲಿ ಆಗಲೇ ಇದ್ದ ಕಪ್ಪು-ಬಿಳುಪು ಟಿವಿಗಳು ಮೂಲೆ ಸೇರದಂತೆ ನೋಡಿಕೊಳ್ಳಬೇಕಿತ್ತು. ಅದಕ್ಕೆ ಬೆಳಕಿನ ಸಂಕೇತದ ಆವರ್ತನಗಳ ಮೇಲ್ತುದಿಯಲ್ಲಿ, ಅಂದರೆ ಸೂಕ್ಷ್ಮ ವಿವರಗಳು ಇರುವ ಜಾಗದಲ್ಲೇ, ಬಣ್ಣವನ್ನು ಅಡಗಿಸಿದರು. ಜರ್ಮನಿಯ ವಾಲ್ಟರ್ ಬ್ರೂಖ್ ರೂಪಿಸಿದ ಪಾಲ್‌ನಲ್ಲಿ ಆ ಜಾಗ 4.43 ಮೆಗಾಹರ್ಟ್ಸ್ ಆಸುಪಾಸು. 1982ರಲ್ಲಿ, ದೆಹಲಿ ಏಷ್ಯನ್ ಕ್ರೀಡಾಕೂಟದ ವರ್ಷ, ದೂರದರ್ಶನ ಬಣ್ಣಕ್ಕೆ ತಿರುಗಿದಾಗ ನಮ್ಮ ಹಳೇ ಟಿವಿಗಳು ಸುಮ್ಮನೆ ನಡೆದುಕೊಂಡು ಹೋದದ್ದು ಈ ಜಾಣತನದಿಂದಲೇ.

ಡಿಸ್ಕಿಗೆ ಇದರ ಅಗತ್ಯವೇ ಇಲ್ಲ. ರಾಗಿ ಹಿಟ್ಟು, ಅಕ್ಕಿ ಹಿಟ್ಟು ಬೇರೆಬೇರೆ ಇದ್ದದ್ದನ್ನು ಬೆರೆಸಿ, ಆಮೇಲೆ ಜರಡಿ ಹಿಡಿಯುವ ಕೆಲಸ ಇದು. ಟಿವಿ ಬೇರ್ಪಡಿಸಲು ಒದ್ದಾಡಿ ಎಡವುತ್ತದೆ: ಸಣ್ಣ ಗೀಟಿನ ಅಂಗಿಯ ಮೇಲೆ ಕಾಮನಬಿಲ್ಲು ಮೂಡುತ್ತದೆ, ನೀಲಿ ಹಿನ್ನೆಲೆಯ ಕೆಂಪು ಅಕ್ಷರಗಳ ಅಂಚಿನಲ್ಲಿ ಚುಕ್ಕಿಗಳು ಹರಿದಾಡುತ್ತವೆ. ಚಿನ್ನದ ಲೇಪದ ಪಿನ್ನು ಕೊಂಡರೂ ಇದು ಹೋಗದು, ಬೆರಕೆ ಪ್ಲೇಯರಿನೊಳಗೇ ಆಗಿಹೋಗಿರುತ್ತದೆ. ವಿಸಿಡಿಗಾದರೆ ಹಳದಿ ಪಿನ್ನೇ ಸಾಕು. ಅದರ 352×288 ಚಿತ್ರದಲ್ಲಿ ಬಣ್ಣದ ಜಾಗಕ್ಕೆ ನುಗ್ಗುವಷ್ಟು ಸೂಕ್ಷ್ಮ ವಿವರವೇ ಇರುವುದಿಲ್ಲ.

ಎಸ್-ವಿಡಿಯೋ ಕೇಬಲ್ ಬೆಳಕಿಗೊಂದು, ಬಣ್ಣಕ್ಕೊಂದು ತಂತಿ ಕೊಡುತ್ತದೆ. ಅದರ ನಾಲ್ಕು ಸೂಜಿಗಳು ಬಲು ಬೇಗ ಬಾಗುತ್ತವೆ.

ಕಾಂಪೊನೆಂಟ್ ಇನ್ನೂ ಮೇಲು: ಹಸಿರು, ನೀಲಿ, ಕೆಂಪು ಪಿನ್ನುಗಳು ಮೂರು ಪದರಗಳನ್ನೂ ಬೇರೆಬೇರೆ ಒಯ್ಯುತ್ತವೆ. ಹಸಿರು ಪಿನ್ನಿನಲ್ಲಿ ಹೋಗುವುದು ಹಸಿರು ಬಣ್ಣವಲ್ಲ, ಬೆಳಕಿನ ಪದರ. ಆಡಿಯೋದ ಬಿಳಿ, ಕೆಂಪು ಸೇರಿ ಒಟ್ಟು ಐದು ಪಿನ್ನು, ಅದರಲ್ಲಿ ಎರಡು ಕೆಂಪು. ಎಡವಟ್ಟಾಗುವುದು ಅಲ್ಲೇ. ಪ್ಲೇಯರಿನ ಮೆನುವಿನಲ್ಲೂ ಕಾಂಪೊನೆಂಟ್ ಆರಿಸಬೇಕಾಗಬಹುದು. ಬೇರೆ ಕೇಬಲ್ ಸಿಗದಿದ್ದರೆ ಮೀಟರುದ್ದದ ಮಾಮೂಲಿ ಎವಿ ಕೇಬಲ್ಲೇ ನಡೆಯುತ್ತದೆ, ಪಿನ್ನು ಅದೇ ತಾನೆ.

ಎಚ್‌ಡಿಎಂಐ ಬಂದದ್ದು 2002ರ ಕೊನೆಗೆ. ಇಲ್ಲಿ ಚಿತ್ರ ಅಂಕಿಗಳಾಗಿಯೇ ಹೋಗುತ್ತದೆ. ಎರಡೂ ಕಡೆ ಇದ್ದರೆ ಬೇರೆ ಯೋಚನೆಯೇ ಬೇಡ. ಆದರೆ ಡಿವಿಡಿಯ 4.1 ಲಕ್ಷ ಪಿಕ್ಸೆಲ್‌ಗಳನ್ನು ಫುಲ್ ಎಚ್‌ಡಿ ಪರದೆಯ 20.7 ಲಕ್ಷಕ್ಕೆ ಹಿಗ್ಗಿಸುವಾಗ ಉಳಿದದ್ದೆಲ್ಲ ಲೆಕ್ಕ ಹಾಕಿ ತುಂಬಿದ್ದು, ಹೊಸ ವಿವರವಲ್ಲ. ಹಳೇ ಪ್ಲೇಯರಿಗೆಂದು ಮಾರುವ ಎಚ್‌ಡಿಎಂಐ ಕನ್ವರ್ಟರ್ ಡಬ್ಬಿಗಳಲ್ಲಿ ಹಲವು ಹಳದಿ ಪಿನ್ನನ್ನೇ ತೆಗೆದುಕೊಳ್ಳುತ್ತವೆ. ಅವುಗಳಿಂದ ಬೆರಕೆ ವಾಸಿಯಾಗದು. ಕಾಂಪೊನೆಂಟ್ ತೂತುಗಳಿರುವುದನ್ನೇ ಕೇಳಿ.

ಬೆಲೆಯ ವಿಷಯದಲ್ಲಿ ಮಾತ್ರ ಅಂಗಡಿಯವರ ಮಾತಿಗೆ ಮರುಳಾಗಬೇಡಿ. ಎಚ್‌ಡಿಎಂಐ ಕೇಬಲ್ ಸೋತರೆ ಪರದೆಯ ಮೇಲೆ ಕಿಡಿಗಳಂತೆ ಚುಕ್ಕಿಗಳು ಹಾರುತ್ತವೆ, ಇಲ್ಲವೇ ಚಿತ್ರ ಮಾಯವಾಗುತ್ತದೆ. ಬಣ್ಣ ಸ್ವಲ್ಪ ಪೇಲವವಾಗುವುದು ಅಂತೇನೂ ಇಲ್ಲ. ಸೆಕೆಂಡಿಗೆ 24 ಫ್ರೇಮಿನ ಫುಲ್ ಎಚ್‌ಡಿ ಬ್ಲೂ-ರೇ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 2.2 ಗಿಗಾಬಿಟ್ ಬೇಕು. 'ಹೈ ಸ್ಪೀಡ್' ಕೇಬಲ್ 10.2 ಒಯ್ಯುತ್ತದೆ. 4ಕೆ ಡಿಸ್ಕಿಗಾದರೆ 18 ಗಿಗಾಬಿಟ್‌ನ 'ಪ್ರೀಮಿಯಂ ಹೈ ಸ್ಪೀಡ್' ತನ್ನಿ, ಅದೂ ಬೇಕಾದಷ್ಟೇ ಉದ್ದದ್ದು.