ಕಾಗದವೇ ಇಲ್ಲ, ಆದರೂ ಇಷ್ಟು ಬೆಲೆ ಯಾಕೆ?

ಪುಸ್ತಕಗಳಿಗೆ ಬೆಲೆ ಕಟ್ಟುವುದು ನನ್ನ ಕೆಲಸ. ಓದುಗರು ನನ್ನನ್ನು ಹೆಚ್ಚು ಕೇಳುವ ಪ್ರಶ್ನೆ ಒಂದೇ. ಕಾಗದ ಇಲ್ಲ, ಅಚ್ಚು ಇಲ್ಲ, ಗೋದಾಮು ಇಲ್ಲ, ಮತ್ತೆ ಇ-ಪುಸ್ತಕ ಯಾಕೆ ದುಬಾರಿ?

ಪುಸ್ತಕದ ಖರ್ಚು ಅಚ್ಚಿನ ಮನೆಯಲ್ಲಿ ಶುರುವಾಗುವುದಿಲ್ಲ. ಬರೆದವರಿಗೆ ಗೌರವಧನ, ತಿದ್ದಿದವರಿಗೆ ಸಂಬಳ, ಕರಡು ನೋಡಿದವರಿಗೆ, ಮುಖಪುಟ ಮಾಡಿದವರಿಗೆ, ಅನುವಾದವಾಗಿದ್ದರೆ ಅನುವಾದಕರಿಗೆ, ಇದೆಲ್ಲ ಎರಡೂ ರೂಪಕ್ಕೆ ಒಂದೇ. ಆಮೇಲೆ ಮಾರುವವರ ಪಾಲು. ಅಮೆಜಾನ್‌ನಲ್ಲಿ ಸ್ವಂತವಾಗಿ ಪ್ರಕಟಿಸುವವರ ಲೆಕ್ಕ ನೋಡಿ. ಅಮೆರಿಕದಲ್ಲಿ ಬೆಲೆ 2.99ರಿಂದ 9.99 ಡಾಲರ್ ಒಳಗಿದ್ದರೆ ಲೇಖಕರು ಶೇ 70ರಷ್ಟು ಗೌರವಧನ ಆರಿಸಿಕೊಳ್ಳಬಹುದು, ಆಚೆ ಹೋದರೆ ಶೇ 35 ಅಷ್ಟೇ. ಅಂದರೆ 9.99ಕ್ಕೆ ಮಾರಿ ಸುಮಾರು 7 ಡಾಲರ್ ಪಡೆಯುವವರು, ಆ ಗೆರೆ ದಾಟಿದ ಮೇಲೆ ಅಷ್ಟೇ ಹಣ ಕೈಗೆ ಬರಬೇಕಾದರೆ 20 ಡಾಲರ್ ಬೆಲೆ ಇಡಬೇಕು.

ಪೇಪರ್‌ಬ್ಯಾಕ್‌ಗಿಂತ ಇ-ಪುಸ್ತಕಕ್ಕೇ ಬೆಲೆ ಜಾಸ್ತಿ ಇರುವುದನ್ನೂ ನೋಡಿರುತ್ತೀರಿ. ಅಚ್ಚಿನ ಪುಸ್ತಕವನ್ನು ಅಂಗಡಿಯವರು ಸಗಟು ದರಕ್ಕೆ ಕೊಂಡು, ತಮ್ಮ ಲಾಭದಲ್ಲೇ ಸ್ವಲ್ಪ ಬಿಟ್ಟುಕೊಟ್ಟು ರಿಯಾಯಿತಿ ಕೊಡುತ್ತಾರೆ. ಆದರೆ ದೊಡ್ಡ ಪ್ರಕಾಶಕರ ಇ-ಪುಸ್ತಕಕ್ಕೆ ಹೆಚ್ಚಾಗಿ ಪ್ರಕಾಶಕರೇ ಬೆಲೆ ಗೊತ್ತುಮಾಡುತ್ತಾರೆ. 2010ರಲ್ಲಿ ಆಪಲ್‌ನ ಐಪ್ಯಾಡ್, ಅದರ ಜೊತೆ ಆಪಲ್‌ನ ಪುಸ್ತಕ ಮಳಿಗೆ ಬಂದಾಗ ಈ ಪದ್ಧತಿ ಹರಡಿತು. ಬೆಲೆ ಏರಿಸಲು ಒಳಒಪ್ಪಂದ ಆಗಿದೆ ಎಂದು 2012ರಲ್ಲಿ ಅಮೆರಿಕ ಸರ್ಕಾರ ಆಪಲ್ ಮತ್ತು ಐದು ಪ್ರಕಾಶಕರ ಮೇಲೆ ಮೊಕದ್ದಮೆ ಹೂಡಿತು, ಪ್ರಕಾಶಕರು ಬೆಲೆಯ ಹಿಡಿತ ಸ್ವಲ್ಪ ಕಾಲ ಸಡಿಲಿಸಲು ಒಪ್ಪಿ ರಾಜಿ ಮಾಡಿಕೊಂಡರು, 2013ರಲ್ಲಿ ಆಪಲ್ ವಿರುದ್ಧ ತೀರ್ಪು ಬಂತು. ಮುಂದಿನ ಒಪ್ಪಂದಗಳಲ್ಲಿ ಬೆಲೆಯ ಹಿಡಿತ ಮತ್ತೆ ಪ್ರಕಾಶಕರ ಕೈಗೇ ಬಂತು.

ಇಷ್ಟು ಹೇಳಿಯೂ ನಾನು ಓದುಗರ ಕಡೆಗೇ ನಿಲ್ಲುತ್ತೇನೆ. ಕಾರಣ ಕಾಗದ ಅಲ್ಲ. ಕೊಂಡ ಪುಸ್ತಕ ನಿಮ್ಮದಾಗುವುದಿಲ್ಲ, ಅದು ಕಾರಣ. ಹೆಚ್ಚಿನ ಕಡೆ ನಿಮಗೆ ಸಿಗುವುದು ಓದುವ ಪರವಾನಗಿ ಮಾತ್ರ. ಗೆಳತಿಗೆ ಕೊಡುವ ಹಾಗಿಲ್ಲ, ಮಾರುವ ಹಾಗಿಲ್ಲ. ಒಮ್ಮೆ ಕೊಂಡ ಇ-ಪುಸ್ತಕಗಳನ್ನು ಅನುಮತಿಯಿಲ್ಲದೆ ಮರುಮಾರಾಟ ಮಾಡುವಂತಿಲ್ಲ ಎಂದು ಯುರೋಪಿನ ನ್ಯಾಯಾಲಯವೇ 2019ರಲ್ಲಿ ಹೇಳಿತು. ಅದೇ ವರ್ಷ ಮೈಕ್ರೋಸಾಫ್ಟ್ ತನ್ನ ಪುಸ್ತಕ ಮಳಿಗೆ ಮುಚ್ಚಿತು. ಓದುಗರಿಗೆ ದುಡ್ಡು ವಾಪಸ್ ಬಂತು, ಪುಸ್ತಕಗಳು ಹೋದವು. ಇಷ್ಟು ಕಡಿಮೆ ಹಕ್ಕು ಕೊಟ್ಟು ಪೂರ್ತಿ ಬೆಲೆ ಕೇಳುವುದು ತಪ್ಪು ಅಲ್ವಾ? ಬೆಲೆ ಗೊತ್ತುಮಾಡುವ ಪ್ರತಿ ಸಭೆಯಲ್ಲೂ ನಾನು ಇದನ್ನೇ ಹೇಳುತ್ತೇನೆ.

ಕೊಳ್ಳುವ ಅಭ್ಯಾಸದ ಬಗ್ಗೆಯೂ ಒಂದು ಮಾತು. ರಿಯಾಯಿತಿ ಬಂತೆಂದು ಹತ್ತು ಪುಸ್ತಕ ಸುಮ್ನೆ ಕೊಂಡು, ಒಂದನ್ನೂ ತೆರೆಯದೆ ಬಿಡುವವರು ತುಂಬ ಜನ. ಆಗ ಅಗ್ಗದ ಪುಸ್ತಕವೂ ದುಬಾರಿಯೇ. ಮೊದಲು ಉಚಿತ ಮಾದರಿ ಅಧ್ಯಾಯ ಓದಿ, ಹಿಡಿಸಿದರೆ ಪಟ್ಟಿಗೆ ಹಾಕಿ ಬೆಲೆ ಇಳಿಯುವವರೆಗೆ ಕಾಯಿರಿ. ಬೀಗ ಹಾಕದ, ಅಂದರೆ ಪ್ರತಿ ಮಾಡಿಟ್ಟುಕೊಳ್ಳಲು ತಡೆಯಿಲ್ಲದ ಕಡತ ಕೊಡುವ ಪ್ರಕಾಶಕರಿದ್ದರೆ ಅವರಿಂದಲೇ ಕೊಳ್ಳಿ, ಕೊಂಡ ದಿನವೇ ಒಂದು ಪ್ರತಿ ಬೇರೆ ಕಡೆ ಉಳಿಸಿಡಿ. ಮತ್ತೆ ಮತ್ತೆ ತಿರುವಿಹಾಕುವ ಪುಸ್ತಕವಾದರೆ ಅಚ್ಚಿನದ್ದನ್ನೇ ತನ್ನಿ.