ರಿಮೋಟ್ ಪ್ರಾಕ್ಟರಿಂಗ್ ಪರೀಕ್ಷೆ: ನಿಯಮಗಳಿಗೆ ಹಿಡಿಯುವ ನಿಮಿಷಗಳು

ಎಂಜಿನಿಯರಿಂಗ್ ವಿಭಾಗಗಳಿಂದ ರಿಮೋಟ್ ಪ್ರಾಕ್ಟರಿಂಗ್ ಪರೀಕ್ಷೆಯ, ಅಂದರೆ ವಿದ್ಯಾರ್ಥಿ ಮನೆಯಲ್ಲೇ ಕುಳಿತು ಬರೆಯುವಾಗ ಪ್ರಾಕ್ಟರ್ (ಮೇಲ್ವಿಚಾರಕರು) ಕ್ಯಾಮೆರಾ ಮೂಲಕ ಕಾಯುವ ಪರೀಕ್ಷೆಯ, ನಿಯಮಾವಳಿಯ ಕರಡು ಬಂದಾಗ ನಾನು ಮೊದಲು ಮಾಡುವ ಕೆಲಸವೆಂದರೆ, ಪ್ರತಿಯೊಂದು ನಿಯಮದ ಪಕ್ಕದ ಅಂಚಿನಲ್ಲಿ ಅದನ್ನು ಪಾಲಿಸಲು ವಿದ್ಯಾರ್ಥಿಗೆ ಎಷ್ಟು ನಿಮಿಷ ಹಿಡಿಯುತ್ತದೆ ಎಂದು ಪೆನ್ಸಿಲಿನಲ್ಲಿ ಬರೆದುಕೊಳ್ಳುವುದು. ಗುರುತಿನ ಚೀಟಿಯನ್ನು ಕ್ಯಾಮೆರಾಗೆ ಹಿಡಿಯಬೇಕು, ಕೋಣೆಯನ್ನು ಸುತ್ತಲೂ ತೋರಿಸಬೇಕು, ಖಾಲಿ ಹಾಳೆಗಳ ಎರಡೂ ಬದಿಯನ್ನು ತೋರಿಸಬೇಕು, ಮೊಬೈಲನ್ನು ಎರಡನೆಯ ಕ್ಯಾಮೆರಾವಾಗಿ ಪಕ್ಕದಲ್ಲಿ ನಿಲ್ಲಿಸಬೇಕು ಎಂದೆಲ್ಲ ಬರೆಯುವುದು ಸುಲಭ. ಇವೆಲ್ಲ ಸೇರಿ ಹದಿನೈದು ಇಪ್ಪತ್ತು ನಿಮಿಷ ನುಂಗುತ್ತವೆ ಎಂಬುದು ಕರಡಿನಲ್ಲಿ ಎಲ್ಲಿಯೂ ಇರುವುದಿಲ್ಲ. ವೇಳಾಪಟ್ಟಿಯಲ್ಲಿ ಜಾಗ ಸಿಗದ ನಿಯಮ ಒಂದೋ ಉತ್ತರ ಬರೆಯುವ ಸಮಯವನ್ನೇ ತಿನ್ನುತ್ತದೆ, ಇಲ್ಲವೇ ಪ್ರಾಕ್ಟರ್ ಅದನ್ನು ಕಂಡೂ ಕಾಣದಂತೆ ಬಿಟ್ಟುಬಿಡುತ್ತಾರೆ. ಆದ್ದರಿಂದ ನಿಯಮಾವಳಿಗೆ ಒಂದು ಸಮಿತಿ, ವೇಳಾಪಟ್ಟಿಗೆ ಇನ್ನೊಂದು ಸಮಿತಿ ಎಂಬ ಹಳೆಯ ರೂಢಿ ಪರೀಕ್ಷಾ ಭವನಕ್ಕೆ ಸರಿಹೊಂದಿದರೂ ಇಲ್ಲಿಗೆ ಸರಿಹೊಂದದು ಎಂಬುದು ನನ್ನ ಖಚಿತ ಅಭಿಪ್ರಾಯ.

ಬೆಳಿಗ್ಗೆ 10 ಗಂಟೆಗೆ ಆರಂಭವಾಗುವ ಮೂರು ಗಂಟೆಯ ಪತ್ರಿಕೆಯನ್ನೇ ತೆಗೆದುಕೊಳ್ಳೋಣ. ಲಾಗಿನ್ 9.30ಕ್ಕೆ ತೆರೆಯಬೇಕು, ಏಕೆಂದರೆ ಬೇರೆ ತಂತ್ರಾಂಶ ತೆರೆಯಗೊಡದ ಪರೀಕ್ಷಾ ಬ್ರೌಸರ್ ತನ್ನ ತಪಾಸಣೆ ಮುಗಿಸಬೇಕು, ಹಿನ್ನೆಲೆಯಲ್ಲಿ ಓಡುತ್ತಿರುವ ಸಂದೇಶದ ಆ್ಯಪ್‌ಗಳನ್ನು ಮುಚ್ಚಿಸಬೇಕು, ಪ್ರಾಕ್ಟರ್ ತನ್ನ ಪಾಲಿನ ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ನೋಡಿ ಒಳಗೆ ಬಿಡಬೇಕು. ಒಬ್ಬ ಪ್ರಾಕ್ಟರ್‌ಗೆ ಹತ್ತು ಮಂದಿ ಇದ್ದು, ತಲಾ ಮೂರು ನಿಮಿಷ ಹಿಡಿದರೆ ಅಲ್ಲಿಗೇ ಅರ್ಧ ಗಂಟೆ ಮುಗಿಯಿತು. ಸರದಿಯಲ್ಲಿ ಹತ್ತನೆಯವರಾದವರು ಅಷ್ಟೂ ಹೊತ್ತು ಪರದೆಯನ್ನೇ ನೋಡುತ್ತಾ ಕುಳಿತಿರುತ್ತಾರೆ. ಪತ್ರಿಕೆ 1 ಗಂಟೆಗೆ ಮುಗಿದರೂ ಉತ್ತರ ಹಾಳೆಗಳನ್ನು ಸ್ಕ್ಯಾನ್ ಮಾಡಿ ಏರಿಸಲು ಇನ್ನೂ ಇಪ್ಪತ್ತು ನಿಮಿಷ ಬೇಕು, ಹೆಚ್ಚುವರಿ ಸಮಯ ಪಡೆದವರಿಗೆ ಅದಕ್ಕೂ ಮೀರಿ ಬೇಕು. ಮಧ್ಯಾಹ್ನ 2ಕ್ಕೆ ಅದೇ ಪ್ರಾಕ್ಟರ್‌ಗಳನ್ನಿಟ್ಟುಕೊಂಡು ಮುಂದಿನ ಅಧಿವೇಶನ ಎಂದು ಅಚ್ಚು ಹಾಕಿಸಿದವರು, ಅದರ ಲಾಗಿನ್ 1.30ಕ್ಕೇ ತೆರೆಯಬೇಕೆಂಬುದನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ ಎಂದರ್ಥ. ದಿನಕ್ಕೆ ಎರಡು ಅಧಿವೇಶನ ಬೇಕೇಬೇಕೆಂದರೆ ನಡುವೆ ಎರಡು ಗಂಟೆಯ ಅಂತರವಿರಲಿ, ಎರಡನೆಯದಕ್ಕೆ ಬೇರೆಯೇ ಪ್ರಾಕ್ಟರ್‌ಗಳಿರಲಿ. ಮೂರು ಗಂಟೆ ಹತ್ತು ಮುಖಗಳನ್ನು ನೋಡಿದ ಕಣ್ಣು ಮತ್ತೆ ಮೂರು ಗಂಟೆ ಅದೇ ನಿಗಾ ಇಡಲಾರದು.

ಎಂಜಿನಿಯರಿಂಗ್ ಪತ್ರಿಕೆಗಳ ತೊಡಕು ಉಳಿದ ಶಾಸ್ತ್ರಗಳಂತಲ್ಲ. ಬಹು ಆಯ್ಕೆಯ ಪ್ರಶ್ನೆಗಳಿಗೆ ವಿನ್ಯಾಸಗೊಂಡ ಪ್ರಾಕ್ಟರಿಂಗ್ ತಂತ್ರಾಂಶ, ಅಭ್ಯರ್ಥಿಯ ಕಣ್ಣು ಪರದೆಯ ಮೇಲಿರಬೇಕು ಎಂಬ ಎಣಿಕೆಯ ಮೇಲೆ ನಿಂತಿದೆ. ಆದರೆ ವಸ್ತುವಿನ ಮೇಲಿನ ಬಲಗಳನ್ನು ತೋರಿಸುವ ಫ್ರೀ ಬಾಡಿ ಡಯಾಗ್ರಾಮ್ ಬಿಡಿಸುವವರು, ಸೆಮಿಲಾಗ್ ಗ್ರಾಫ್ ಹಾಳೆಯ ಮೇಲೆ ಬೋಡೆ ಪ್ಲಾಟ್ ಎಂಬ ನಕ್ಷೆ ಎಳೆಯುವವರು, ಸೂತ್ರವೊಂದರ ಎರಡು ಪುಟಗಳ ಡಿರೈವೇಶನ್ ಬರೆಯುವವರು ಮೂರು ಗಂಟೆಯಲ್ಲಿ ಹೆಚ್ಚು ಹೊತ್ತು ತಲೆ ಬಗ್ಗಿಸಿಯೇ ಇರುತ್ತಾರೆ, ತಂತ್ರಾಂಶವೂ ಅಷ್ಟೂ ಹೊತ್ತು ಅವರ ಹೆಸರಿನ ಮುಂದೆ ಅನುಮಾನದ ಕೆಂಪು ಬಾವುಟ ನೆಡುತ್ತಲೇ ಇರುತ್ತದೆ. ಆದಕಾರಣ ಕೈಬರಹದ ಪತ್ರಿಕೆಗಳಿಗೆ ನೋಟದ ದಿಕ್ಕಿನ ಎಚ್ಚರಿಕೆಯನ್ನು ಸೆಟ್ಟಿಂಗಿನಲ್ಲೇ ನಿಲ್ಲಿಸಿಡಬೇಕು ಮತ್ತು ಬರೆಯುವ ಕೈ ಹಾಗೂ ಹಾಳೆ ಕಾಣುವಂತೆ ಪಕ್ಕದ ಕ್ಯಾಮೆರಾದ ಕೋನವನ್ನು ನಿಯಮದಲ್ಲೇ ಹೇಳಬೇಕು. ಮುಖ ಕಾಣುವುದಕ್ಕಿಂತ ಕೈ ಕಾಣುವುದು ಇಲ್ಲಿ ಮುಖ್ಯ.

ಕ್ಯಾಲ್ಕುಲೇಟರಿನ ವಿಷಯದಲ್ಲಿ ‘ಪ್ರೋಗ್ರಾಮ್ ಮಾಡಲಾಗದ ಸೈಂಟಿಫಿಕ್ ಕ್ಯಾಲ್ಕುಲೇಟರ್’ ಎಂದಷ್ಟೇ ಬರೆದರೆ ಸಾಲದು. ಅನುಮತಿಸಿದ ಮಾದರಿಗಳ ಪಟ್ಟಿಯನ್ನು ಸೆಮಿಸ್ಟರಿನ ಆರಂಭದಲ್ಲೇ ಪ್ರಕಟಿಸಬೇಕು, ಮುಚ್ಚಳ ತೆಗೆದು ಎರಡೂ ಬದಿ ತೋರಿಸುವ ಕ್ರಮವನ್ನು ಹೇಳಬೇಕು. ಹಬೆಯ ಗುಣಗಳ ಸ್ಟೀಮ್ ಟೇಬಲ್, ಡಿಸೈನ್ ಡೇಟಾ ಹ್ಯಾಂಡ್‌ಬುಕ್ ಮುಂತಾದ ಕೋಷ್ಟಕ ಪುಸ್ತಕಗಳ ಗತಿ ಬೇರೆ. ನಾಲ್ಕುನೂರು ಪುಟಗಳ ಪುಸ್ತಕದಲ್ಲಿ ಕೈಬರಹದ ಟಿಪ್ಪಣಿ ಇಲ್ಲವೆಂದು ಕ್ಯಾಮೆರಾ ಮುಂದೆ ಪುಟ ತಿರುವಿಸುವುದು ಶುದ್ಧ ನಾಟಕ. ಪತ್ರಿಕೆಗೆ ಬೇಕಾದ ಕೋಷ್ಟಕಗಳನ್ನು ಮಾತ್ರ ಆಯ್ದು ಪ್ರಶ್ನೆಪತ್ರಿಕೆಯ ಜೊತೆಗೇ ಪರದೆಯ ಮೇಲೆ ಕೊಡುವುದು ಒಂದು ದಾರಿ; ವಿನ್ಯಾಸದ ವಿಷಯಗಳಲ್ಲಿ ಪತ್ರಿಕೆಯನ್ನೇ ಓಪನ್ ಬುಕ್ ಮಾಡಿಬಿಡುವುದು, ನನ್ನ ಮಟ್ಟಿಗೆ, ಅದಕ್ಕಿಂತ ಪ್ರಾಮಾಣಿಕವಾದ ದಾರಿ. ಜಾರಿಗೆ ತರಲಾಗದ ನಿಷೇಧವನ್ನು ಕಾಗದದ ಮೇಲೆ ಉಳಿಸಿಕೊಂಡರೆ ಅದು ಪಾಲಿಸಿದವರಿಗೆ ಮಾತ್ರ ಶಿಕ್ಷೆಯಾಗುತ್ತದೆ.

ಪ್ರೋಗ್ರಾಮಿಂಗ್ ಮತ್ತು ಸಿಮ್ಯುಲೇಶನ್ ಪತ್ರಿಕೆಗಳಲ್ಲಿ ಕಂಪ್ಯೂಟರನ್ನು ಬಂಧಿಸುವ ಬ್ರೌಸರ್ ತೊಡಕಾಗುತ್ತದೆ. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ, ಮುಕ್ತ ತಂತ್ರಾಂಶವಾದ ಸೇಫ್ ಎಕ್ಸಾಮ್ ಬ್ರೌಸರ್‌ನಲ್ಲಿ ಆಯ್ದ ಬೇರೆ ತಂತ್ರಾಂಶಗಳಿಗೆ ಅನುಮತಿ ಕೊಡುವ ಸೌಲಭ್ಯವಿದೆ. ಆದರೆ ಅದು ವಿಂಡೋಸ್, ಮ್ಯಾಕ್ ಮತ್ತು ಐಪ್ಯಾಡ್‌ಗಳಿಗಾಗಿ ಇರುವಂಥದ್ದು, ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಬಳಸುವುದೋ ಲಿನಕ್ಸ್. ಇದು ಪರೀಕ್ಷೆಯ ಹಿಂದಿನ ದಿನ ಗೊತ್ತಾಗಬಾರದು. ಅಂಕವಿಲ್ಲದ ಅಣಕು ಪರೀಕ್ಷೆಯನ್ನು ಎರಡು ವಾರ ಮೊದಲೇ ಕಡ್ಡಾಯವಾಗಿ ನಡೆಸಿ, ಅದೇ ಯಂತ್ರದಲ್ಲಿ, ಅದೇ ಕೋಣೆಯಲ್ಲಿ, ಸ್ಕ್ಯಾನ್ ಮಾಡಿ ಏರಿಸುವವರೆಗಿನ ಎಲ್ಲ ಹಂತಗಳನ್ನೂ ಮಾಡಿಸಬೇಕು, ಯಂತ್ರ ಹೊಂದದವರಿಗೆ ಕ್ಯಾಂಪಸ್ಸಿನಲ್ಲೋ ಹತ್ತಿರದ ಕೇಂದ್ರದಲ್ಲೋ ಆಸನ ಹುಡುಕಲು ಸಮಯವಿರಬೇಕು.

ಇನ್ನು ಅತಿ ಹೆಚ್ಚು ಜಗಳ ಹುಟ್ಟುವ ಇಪ್ಪತ್ತು ನಿಮಿಷಗಳ ಬಗ್ಗೆ. ಪರೀಕ್ಷೆಯುದ್ದಕ್ಕೂ ಮುಟ್ಟಬಾರದ ಮೊಬೈಲು, ಮುಗಿದ ಕ್ಷಣದಿಂದ ಸ್ಕ್ಯಾನರ್ ಆಗಬೇಕು. ಎರಡನೆಯ ಕ್ಯಾಮೆರಾ ಕೂಡ ಅದೇ ಮೊಬೈಲಾಗಿದ್ದರೆ, ಅದನ್ನು ಎತ್ತಿಕೊಂಡ ಕೂಡಲೇ ಪಕ್ಕದ ನೋಟ ಮಾಯವಾಗುತ್ತದೆ. ಈ ಸಂಧಿಕಾಲದಲ್ಲಿ ಏನಾಗಬೇಕೆಂದು ನಿಯಮ ಹೆಜ್ಜೆಹೆಜ್ಜೆಯಾಗಿ ಹೇಳಬೇಕು. ನಾನು ಒತ್ತಾಯಿಸುವ ಕ್ರಮ ಇದು: ಸಮಯ ಮುಗಿದೊಡನೆ ಪೆನ್ನು ಕೆಳಗಿಡಬೇಕು; ಮೊಬೈಲನ್ನು ಮುಟ್ಟುವ ಮೊದಲು ನೋಂದಣಿ ಸಂಖ್ಯೆ ಮತ್ತು ಪುಟ ಸಂಖ್ಯೆ ಬರೆದ ಪ್ರತಿಯೊಂದು ಹಾಳೆಯನ್ನೂ ಲ್ಯಾಪ್‌ಟಾಪ್ ಕ್ಯಾಮೆರಾಗೆ ಎರಡು ಸೆಕೆಂಡು ಹಿಡಿದು ತೋರಿಸಬೇಕು, ಒಟ್ಟು ಹಾಳೆಗಳೆಷ್ಟೆಂದು ಬಾಯಲ್ಲಿ ಹೇಳಬೇಕು; ಆಮೇಲೆ ಲ್ಯಾಪ್‌ಟಾಪಿನ ಪರದೆಯನ್ನು ಮೇಜು ಕಾಣುವಂತೆ ಬಾಗಿಸಿ ಸ್ಕ್ಯಾನ್ ಆರಂಭಿಸಬೇಕು. ಮುಂದೆ ಏಳನೆಯ ಪುಟ ಮಸುಕಾಗಿದೆ, ಒಂಬತ್ತನೆಯದು ಬಂದೇ ಇಲ್ಲ ಎಂಬ ತಕರಾರು ಬಂದಾಗ ಹೋಲಿಸಿ ನೋಡಲು ರೆಕಾರ್ಡಿಂಗಿನಲ್ಲಿ ಆ ಎರಡು ಸೆಕೆಂಡುಗಳಿರುತ್ತವೆ. ಹಾಳೆಯಲ್ಲಿ ಆಮೇಲೆ ಏನನ್ನಾದರೂ ಸೇರಿಸಿದ್ದರೆ ಅದೂ ಬಯಲಾಗುತ್ತದೆ. ಅಷ್ಟು ಸಣ್ಣ ಕ್ರಮ ಎಷ್ಟೋ ಮರುಪರೀಕ್ಷೆಗಳನ್ನು ಉಳಿಸಬಲ್ಲದು.

ಸಂಪರ್ಕ ಕಡಿದುಹೋದರೆ ಅದು ವಿದ್ಯಾರ್ಥಿಯದೇ ಜವಾಬ್ದಾರಿ ಎಂಬ ಒಂದು ಸಾಲು ಬಹುತೇಕ ಕರಡುಗಳಲ್ಲಿ ಇರುತ್ತದೆ. ಬರೆದವರು ಲೆಕ್ಕ ಹಾಕಿರುವುದಿಲ್ಲ. ಸೆಕೆಂಡಿಗೆ 500 ಕಿಲೋಬಿಟ್ ವೇಗದಲ್ಲಿ ಒಂದೇ ವಿಡಿಯೊ ಹರಿದರೂ ಮೂರು ಗಂಟೆಗೆ ಸುಮಾರು 675 ಮೆಗಾಬೈಟ್ ಅಪ್‌ಲೋಡ್ ಆಗುತ್ತದೆ; ಎರಡನೆಯ ಕ್ಯಾಮೆರಾ, ಪರದೆಯ ರೆಕಾರ್ಡಿಂಗ್ ಸೇರಿದರೆ ಅದು ಎರಡು ಜಿಬಿಯತ್ತ ಹೋಗುತ್ತದೆ, ಮನೆಗಳ ಸಂಪರ್ಕಗಳಲ್ಲಿ ಅಪ್‌ಲೋಡ್ ವೇಗ ಡೌನ್‌ಲೋಡಿಗಿಂತ ಬಹಳ ಕಡಿಮೆ ಇರುವುದೇ ಸಾಮಾನ್ಯ. ಆದ್ದರಿಂದ ವಿಡಿಯೊ ಗುಣಮಟ್ಟವನ್ನು ಅಗತ್ಯಕ್ಕೆ ತಕ್ಕಷ್ಟೇ ಇಡಬೇಕು, ಸಂಪರ್ಕ ಕಡಿದಾಗ ವಿದ್ಯಾರ್ಥಿಯ ಯಂತ್ರದಲ್ಲೇ ರೆಕಾರ್ಡಿಂಗ್ ಉಳಿದು ಆಮೇಲೆ ಏರುವಂತಿರಬೇಕು. ನಿಯಮವೂ ಮಿತಿಗಳನ್ನು ಅಂಕಿಯಲ್ಲೇ ಹೇಳಬೇಕು: ಒಟ್ಟು ಹತ್ತು ನಿಮಿಷದವರೆಗಿನ ಕಡಿತಕ್ಕೆ ಅಷ್ಟೇ ಸಮಯ ತಾನಾಗಿ ಸೇರಲಿ, ಮೂವತ್ತು ನಿಮಿಷದವರೆಗೆ ಮುಖ್ಯ ಮೇಲ್ವಿಚಾರಕರು ಲಾಗ್ (ಸಂಪರ್ಕದ ದಾಖಲೆ) ನೋಡಿ ತೀರ್ಮಾನಿಸಲಿ, ಅದನ್ನು ಮೀರಿದರೆ ಮೀಸಲು ದಿನದಂದು ಬೇರೆ ಪತ್ರಿಕೆ ಇರಲಿ. ಆ ಮೀಸಲು ದಿನ ಮೊದಲ ವೇಳಾಪಟ್ಟಿಯಲ್ಲೇ ಅಚ್ಚಾಗಿರಬೇಕು, ಅದಕ್ಕೆ ಬೇಕಾದ ಪ್ರಶ್ನೆಪತ್ರಿಕೆಯ ಸೆಟ್ಟು ಆಗಲೇ ಸಿದ್ಧವಿರಬೇಕು.

ವೇಳಾಪಟ್ಟಿಯ ಗಣಿತ ಹಳೆಯದೇ. ಒಬ್ಬನಾದರೂ ಸಮಾನ ವಿದ್ಯಾರ್ಥಿಯಿರುವ ಎರಡು ವಿಷಯಗಳನ್ನು ಗೆರೆಯಿಂದ ಜೋಡಿಸಿ, ಗೆರೆಯಿರುವ ಎರಡಕ್ಕೆ ಒಂದೇ ಬಣ್ಣ ಬರದಂತೆ ಬಣ್ಣ ಹಚ್ಚುವ ಗ್ರಾಫ್ ಕಲರಿಂಗ್ ಸಮಸ್ಯೆ ಇದು; ಒಂದೊಂದು ಬಣ್ಣವೂ ಇಲ್ಲಿ ಒಂದೊಂದು ದಿನ. ಸಂಶೋಧಕರಾದ ವೆಲ್ಶ್ ಮತ್ತು ಪೊವೆಲ್ 1967ರಲ್ಲಿ ಕೊಟ್ಟ ಸರಳ ವಿಧಾನ, ಅಂದರೆ ಹೆಚ್ಚು ಗೆರೆಗಳಿರುವ ವಿಷಯಕ್ಕೆ ಮೊದಲು ದಿನ ಕೊಡುವುದು, ಈಗಲೂ ಒಳ್ಳೆಯ ಆರಂಭವೇ. ನಿಯಮಿತ ವಿದ್ಯಾರ್ಥಿಗಳಿಂದ ಗ್ರಾಫ್ ಹಗುರವಾಗಿಯೇ ಇರುತ್ತದೆ. ಮೂರನೆಯ ಸೆಮಿಸ್ಟರಿನ ಗಣಿತವನ್ನೂ ಏಳನೆಯ ಸೆಮಿಸ್ಟರಿನ ಎಲೆಕ್ಟಿವ್ ವಿಷಯವನ್ನೂ ಒಟ್ಟಿಗೆ ಬರೆಯಬೇಕಾದ ಬ್ಯಾಕ್‌ಲಾಗ್ ವಿದ್ಯಾರ್ಥಿಗಳು ಅದನ್ನು ಬಿಗಿಗೊಳಿಸುತ್ತಾರೆ. ರಿಮೋಟ್ ಪರೀಕ್ಷೆಯಲ್ಲಿ ಆಸನಗಳ ಮಿತಿ ಹೋಗುತ್ತದೆ ಎಂದು ಹಿಗ್ಗುವವರಿಗೆ ಅದರ ಜಾಗದಲ್ಲಿ ಪ್ರಾಕ್ಟರ್‌ಗಳ ಸಂಖ್ಯೆ ಮತ್ತು ಟೈಮ್ ಝೋನ್ ಎಂಬ ಎರಡು ಹೊಸ ಮಿತಿಗಳು ಬಂದು ಕುಳಿತಿರುವುದು ಬೇಗ ತಿಳಿಯುತ್ತದೆ.

ವಿದ್ಯಾರ್ಥಿಗಳು ಹಲವು ದೇಶಗಳಲ್ಲಿ ಹರಡಿದ್ದರೆ ಎಲ್ಲ ಸಮಯವನ್ನೂ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ ಯುಟಿಸಿಯಲ್ಲಿ ಬರೆದು, ಪಕ್ಕದಲ್ಲಿ ಸ್ಥಳೀಯ ಸಮಯ ಮತ್ತು ದಿನಾಂಕವನ್ನು ತೋರಿಸುವುದೊಂದೇ ಸುರಕ್ಷಿತ. ಯುಟಿಸಿ 11ಕ್ಕೆ ಆರಂಭವಾಗುವ ಪತ್ರಿಕೆ ಬೇಸಿಗೆಯ ನ್ಯೂಯಾರ್ಕಿನಲ್ಲಿ ಬೆಳಿಗ್ಗೆ 7ಕ್ಕೆ, ಭಾರತದಲ್ಲಿ ಸಂಜೆ 4.30ಕ್ಕೆ, ಟೋಕಿಯೊದಲ್ಲಿ ರಾತ್ರಿ 8ಕ್ಕೆ ಬೀಳುತ್ತದೆ, ಹೇಗೋ ಸಹಿಸಬಹುದು. ಕ್ಯಾಲಿಫೋರ್ನಿಯಾದಲ್ಲಿ ಆಗ ನಸುಕಿನ 4 ಗಂಟೆ, ಅಲ್ಲಿಯವರಿಗೆ ಯುಟಿಸಿ 14ರ, ಅಂದರೆ ಬೆಳಿಗ್ಗೆ 7ರ ಎರಡನೆಯ ಅಧಿವೇಶನ ಬೇಕಾಗುತ್ತದೆ. ಮೊದಲ ಗುಂಪು ಮುಗಿಸುವುದೂ 14ಕ್ಕೇ ಆದ್ದರಿಂದ, ಎರಡನೆಯ ಗುಂಪು ಅದಕ್ಕೆ ಮೊದಲೇ ಲಾಗಿನ್ ಆಗಿ ಮೊಬೈಲನ್ನು ಬದಿಗಿಟ್ಟಿರಬೇಕು. ಇಲ್ಲದಿದ್ದರೆ ಪ್ರಶ್ನೆಗಳು ಗಡಿಯಾರಕ್ಕಿಂತ ಮೊದಲೇ ಅಲ್ಲಿಗೆ ತಲುಪಿರುತ್ತವೆ. ಅಂಕಿಗಳನ್ನು ಬದಲಿಸಿದ ಬೇರೆ ಸೆಟ್ಟು ಕೊಟ್ಟರೂ ವಿಧಾನ ಸೋರಿಹೋದರೆ ಪ್ರಯೋಜನ ಅಷ್ಟಕ್ಕಷ್ಟೆ. ಮಾರ್ಚ್ ತಿಂಗಳ ಪರೀಕ್ಷೆಗಳಲ್ಲಿ ಇನ್ನೊಂದು ಬಲೆಯಿದೆ: ಅಮೆರಿಕದಲ್ಲಿ ಗಡಿಯಾರ ಮುಂದೆ ಸರಿಯುವುದು ಆ ತಿಂಗಳ ಎರಡನೆಯ ಭಾನುವಾರ, ಯುರೋಪಿನಲ್ಲಿ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ಎರಡರ ಅಂತರ ಎಂದಿನಂತಿರುವುದಿಲ್ಲ. ‘ರಾತ್ರಿ 12 ಗಂಟೆಯೊಳಗೆ’ ಎಂಬ ಮಾತನ್ನಂತೂ ಎಲ್ಲಿಯೂ ಬಳಸಬಾರದು, ಅದು ಯಾವ ದಿನದ 12 ಎಂಬ ಪ್ರಶ್ನೆ ಬಂದೇ ಬರುತ್ತದೆ, 23.59 ಎಂದು ಬರೆದರೆ ಸಾಕು.

ಮೂರು ಗಂಟೆಯುದ್ದಕ್ಕೂ ಕುರ್ಚಿ ಬಿಡಬಾರದೆಂಬ ನಿಯಮವೂ ವೇಳಾಪಟ್ಟಿಯಿಂದಲೇ ಬಗೆಹರಿಯುವಂಥದ್ದು. ಪತ್ರಿಕೆಯನ್ನು ತೊಂಬತ್ತು ನಿಮಿಷಗಳ ಎರಡು ಭಾಗ ಮಾಡಿ, ಮೊದಲ ಭಾಗದ ಉತ್ತರಗಳನ್ನು ಒಪ್ಪಿಸಿದ ಮೇಲೆ ಹದಿನೈದು ನಿಮಿಷ ಬಿಡುವು ಕೊಟ್ಟರೆ ಶೌಚಾಲಯದ ಪ್ರಶ್ನೆ, ಕಾಯಿಲೆಯವರ ಪ್ರಶ್ನೆ, ಬೆನ್ನು ನೋವಿನ ಪ್ರಶ್ನೆ ಒಟ್ಟಿಗೇ ಮುಗಿಯುತ್ತವೆ. ಸ್ಕ್ಯಾನ್ ಎರಡು ಬಾರಿ ಮಾಡಬೇಕಾಗುತ್ತದೆ, ನಿಜ. ಒಮ್ಮೆಗೆ ಇಪ್ಪತ್ತು ಪುಟ ಏರಿಸುವ ಬದಲು ಹತ್ತು ಹತ್ತು ಏರಿಸುವುದರಿಂದ ತಪ್ಪುಗಳು ಕಡಿಮೆಯೇ ಆಗುತ್ತವೆ.

ಕೋಣೆ ತೋರಿಸುವ ನಿಯಮವನ್ನು ಬರೆಯುವವರು 2022ರಲ್ಲಿ ಅಮೆರಿಕದ ಓಹಾಯೊದ ಫೆಡರಲ್ ನ್ಯಾಯಾಲಯ ಕ್ಲೀವ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ಒಮ್ಮೆ ಗಮನಿಸುವುದು ಒಳ್ಳೆಯದು. ಸರ್ಕಾರಿ ವಿಶ್ವವಿದ್ಯಾಲಯವೊಂದು ಪರೀಕ್ಷೆಗೆ ಮುನ್ನ ವಿದ್ಯಾರ್ಥಿಯ ಮಲಗುವ ಕೋಣೆಯನ್ನು ಕ್ಯಾಮೆರಾದಲ್ಲಿ ಶೋಧಿಸಿದ್ದು ಅಕಾರಣ ಶೋಧನೆಯನ್ನು ತಡೆಯುವ ಅಲ್ಲಿನ ಸಂವಿಧಾನದ ನಾಲ್ಕನೆಯ ತಿದ್ದುಪಡಿಗೆ ವಿರುದ್ಧವೆಂದು ಅದು ಹೇಳಿತು. ಬೇರೆ ದೇಶಗಳಿಗೆ ಆ ತೀರ್ಪು ಅನ್ವಯಿಸದಿದ್ದರೂ, ಕೋಣೆಯ ಬದಲು ಮೇಜು ಮತ್ತು ಅದರ ಕೆಳಭಾಗವನ್ನಷ್ಟೇ ತೋರಿಸಿದರೆ ಸಾಲದೇ ಎಂಬ ಪ್ರಶ್ನೆ ಎಲ್ಲೆಡೆ ಕೇಳಬೇಕಾದದ್ದು. ನನ್ನ ಅಂಚಿನ ಲೆಕ್ಕದಲ್ಲಿ ಅದರಿಂದ ಎರಡು ನಿಮಿಷವೂ ಉಳಿಯುತ್ತದೆ.

ಪರೀಕ್ಷೆ ಮುಗಿದ ಮೇಲೂ ವೇಳಾಪಟ್ಟಿ ಮುಗಿಯುವುದಿಲ್ಲ. ಸಾವಿರ ಮಂದಿ ಬರೆದ ಪತ್ರಿಕೆಯಲ್ಲಿ ಹತ್ತು ಮಂದಿ ನಿಜವಾಗಿ ನಕಲು ಮಾಡಿದ್ದಾರೆ ಎಂದಿಟ್ಟುಕೊಳ್ಳಿ. ತಂತ್ರಾಂಶ ಅವರಲ್ಲಿ ಒಂಬತ್ತು ಮಂದಿಯನ್ನು ಹಿಡಿಯುವಷ್ಟು ಚುರುಕಾಗಿದ್ದು, ಉಳಿದ 990 ಮಂದಿಯಲ್ಲಿ ನೂರಕ್ಕೆ ಐವರನ್ನು ಮಾತ್ರ ತಪ್ಪಾಗಿ ಗುರುತಿಸಿದರೂ ಸುಮಾರು ಐವತ್ತು ಮಂದಿ ನಿರಪರಾಧಿಗಳು ಪಟ್ಟಿಗೆ ಸೇರುತ್ತಾರೆ. ಪಟ್ಟಿಯಲ್ಲಿರುವ ಪ್ರತಿ ಆರು ಮಂದಿಯಲ್ಲಿ ಸುಮಾರು ಐವರು ಏನೂ ಮಾಡದವರು. ಮುಖವನ್ನು ವಿಶ್ಲೇಷಿಸುವ ತಂತ್ರಾಂಶಗಳು ಎಲ್ಲರನ್ನೂ ಸಮನಾಗಿ ಕಾಣುವುದಿಲ್ಲ ಎಂಬುದೂ ಹೊಸ ವಿಷಯವಲ್ಲ. ಸಂಶೋಧಕಿಯರಾದ ಜಾಯ್ ಬುವೊಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಖ ನೋಡಿ ಹೆಣ್ಣೋ ಗಂಡೋ ಎಂದು ಹೇಳುವ ವಾಣಿಜ್ಯ ತಂತ್ರಾಂಶಗಳ ದೋಷ ಬಿಳಿ ಚರ್ಮದ ಪುರುಷರಲ್ಲಿ ಶೇ. 0.8ಕ್ಕೆ ಮೀರದಿದ್ದರೆ ಕಪ್ಪು ಚರ್ಮದ ಮಹಿಳೆಯರಲ್ಲಿ ಶೇ. 34.7ರವರೆಗೆ ಹೋಗಿತ್ತು. ಹಾಗಾಗಿ ಬಾವುಟ ಬಿದ್ದ ಪ್ರತಿಯೊಂದು ತುಣುಕನ್ನೂ ಮನುಷ್ಯರೇ, ಅದೂ ಆ ವಿಷಯ ಬಲ್ಲ ಇಬ್ಬರು ಅಧ್ಯಾಪಕರು ಪ್ರತ್ಯೇಕವಾಗಿ ನೋಡಬೇಕು, ವಿದ್ಯಾರ್ಥಿಗೆ ಆ ತುಣುಕನ್ನು ತೋರಿಸಿ ಉತ್ತರ ಕೇಳಬೇಕು. ಅರವತ್ತು ತುಣುಕುಗಳಿಗೆ ತಲಾ ಇಪ್ಪತ್ತು ನಿಮಿಷವೆಂದರೂ ಒಬ್ಬೊಬ್ಬ ಅಧ್ಯಾಪಕರಿಗೆ ಇಪ್ಪತ್ತು ಗಂಟೆಯ ಕೆಲಸ, ಅದು ಮೌಲ್ಯಮಾಪನದ ಜೊತೆಜೊತೆಗೇ ನಡೆಯಬೇಕಾದದ್ದು. ಫಲಿತಾಂಶದ ದಿನಾಂಕವನ್ನು ಗೊತ್ತುಮಾಡುವಾಗ ಆ ಗಂಟೆಗಳನ್ನು, ವಿದ್ಯಾರ್ಥಿಯ ಉತ್ತರಕ್ಕೆ ಕನಿಷ್ಠ ಒಂದು ವಾರವನ್ನು, ಮೇಲ್ಮನವಿಗೆ ಇನ್ನೊಂದು ವಾರವನ್ನು ಕೂಡಿಸಬೇಕು. ತಕರಾರಿಲ್ಲದವರ ರೆಕಾರ್ಡಿಂಗ್‌ಗಳನ್ನು ಮರುಮೌಲ್ಯಮಾಪನದ ಗಡುವು ದಾಟಿದ ಮರುದಿನವೇ ಅಳಿಸಬೇಕು, ಅಳಿಸುವ ಆ ದಿನಾಂಕವೂ ಮೊದಲ ವೇಳಾಪಟ್ಟಿಯಲ್ಲೇ ಇರಬೇಕು.