ತುಮಕೂರಿನ ತೋಪುಗಳಲ್ಲಿ ಮ್ಯಾಗ್‌ಪೈಯ ನೆಂಟ

ಮ್ಯಾಗ್‌ಪೈ ಎಂದೊಡನೆ ನಮ್ಮಲ್ಲಿ ಹಲವರಿಗೆ ಹಿತ್ತಿಲ ಮಡಿವಾಳ ಹಕ್ಕಿ ನೆನಪಾಗುತ್ತದೆ. ಮೈಯ ಕಪ್ಪುಬಿಳುಪಿನಿಂದಾಗಿ ಅದರ ಇಂಗ್ಲಿಷ್ ಹೆಸರಿಗೆ ಮ್ಯಾಗ್‌ಪೈ ಎಂಬ ಮಾತು ಅಂಟಿಕೊಂಡಿದೆಯೇ ಹೊರತು, ಮಡಿವಾಳ ನೊಣಹಿಡುಕಗಳ ಕುಟುಂಬದ್ದು. ನಿಜವಾದ ಮ್ಯಾಗ್‌ಪೈ ಕಾಗೆಯ ಕುಟುಂಬದ ಹಕ್ಕಿ. ಭಾರತದಲ್ಲಿ ಅದನ್ನು ಕಾಣಬೇಕಾದರೆ ಲಡಾಖಿನಂಥ ಎತ್ತರದ ಸೀಮೆಗೆ ಹೋಗಬೇಕು. ಆದರೆ ಅದೇ ಕುಟುಂಬದ ಉದ್ದಬಾಲದ ನೆಂಟನೊಂದು ತುಮಕೂರಿನ ಹುಣಸೆ ತೋಪುಗಳಲ್ಲಿ, ದೇವರಾಯನದುರ್ಗದ ಕಾಡಂಚಿನಲ್ಲಿ ವರ್ಷವಿಡೀ ಇರುತ್ತದೆ. ಅದೇ ಮಟಪಕ್ಷಿ.

ತಲೆ, ಕತ್ತು ಮಸಿಗಪ್ಪು, ಮೈ ಇಟ್ಟಿಗೆಯ ಕಂದು, ಕಪ್ಪು ರೆಕ್ಕೆಯ ಮೇಲೆ ಬೂದುಬಿಳಿಯ ಅಗಲ ಪಟ್ಟೆ, ತುದಿಯಲ್ಲಿ ಕಪ್ಪಾದ ಬೂದು ಬಾಲ. ಸುಮಾರು 45ರಿಂದ 50 ಸೆಂಟಿಮೀಟರ್ ಉದ್ದದ ಈ ಹಕ್ಕಿಯಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಬಾಲದ್ದೇ. ಗಂಡು ಹೆಣ್ಣುಗಳಲ್ಲಿ ವ್ಯತ್ಯಾಸ ಕಾಣದು. ಹೊಸಬರು ಇದನ್ನು ಕೆಂಬೂತವೆಂದು ತಪ್ಪಾಗಿ ತಿಳಿಯುವುದುಂಟು; ಬಣ್ಣಗಳು ಅದಲುಬದಲಾಗಿರುವುದನ್ನು ಗಮನಿಸಿದರೆ ಗೊಂದಲ ಉಳಿಯುವುದಿಲ್ಲ. ಕೆಂಬೂತಕ್ಕೆ ಮೈ ಕಪ್ಪು, ರೆಕ್ಕೆ ಕಂದು. ಮಟಪಕ್ಷಿಗೆ ಮೈ ಕಂದು, ರೆಕ್ಕೆ ಕಪ್ಪು. ಮೇಲಾಗಿ ಕೆಂಬೂತ ನೆಲದ ಮೇಲೆ ಗಂಭೀರವಾಗಿ ನಡೆದಾಡುತ್ತದೆ, ಮಟಪಕ್ಷಿ ಮರ ಬಿಟ್ಟು ಇಳಿಯುವುದು ಅಪರೂಪ.

ಹಕ್ಕಿ ಕಾಣುವ ಮೊದಲೇ ದನಿ ಕೇಳುವುದೇ ಹೆಚ್ಚು. ಕಾಗೆಯ ಬಳಗಕ್ಕೆ ತಕ್ಕ ಕರ್ಕಶ ಕಿರುಚಾಟದ ನಡುವೆ, ಬೇರೆ ಯಾವುದೋ ಹಕ್ಕಿಯದೆಂದು ನಾವು ಅತ್ತಿತ್ತ ಹುಡುಕುವಷ್ಟು ಇಂಪಾದ, ಕೊಳಲಿನಂಥ ಮೂರು ಸ್ವರದ ಕೂಗೂ ಅದೇ ಗಂಟಲಿನಿಂದ ಹೊರಡುತ್ತದೆ. ಹಾರುವಾಗ ನಾಲ್ಕಾರು ಬಾರಿ ಪಟಪಟನೆ ರೆಕ್ಕೆ ಬಡಿದು, ಬಳಿಕ ರೆಕ್ಕೆ ಬಾಲಗಳನ್ನು ಹರಡಿ ತೇಲುತ್ತದೆ.

ಊಟದಲ್ಲಿ ಅದಕ್ಕೆ ಮಡಿಮೈಲಿಗೆಯಿಲ್ಲ. ಆಲ, ಅತ್ತಿಯ ಹಣ್ಣು, ಕೀಟ, ಹಲ್ಲಿ, ಸತ್ತ ಪ್ರಾಣಿಯ ಮಾಂಸ, ಬೇರೆ ಹಕ್ಕಿಗಳ ಮೊಟ್ಟೆಮರಿ ಎಲ್ಲವೂ ಆದೀತು. ಕಾಜಾಣ, ಹರಟೆಮಲ್ಲಗಳ ಜೊತೆ ಸೇರಿ ಬೇಟೆಗೆ ಹೊರಡುವ ಇದು, ಆ ಗದ್ದಲಕ್ಕೆ ಬೆದರಿ ಎದ್ದ ಕೀಟಗಳನ್ನು ಹಿಡಿಯುತ್ತದೆ; ಹೆಚ್ಚಾದ ಆಹಾರವನ್ನು ಬಚ್ಚಿಡುವುದೂ ಉಂಟು. ರಾಜಸ್ಥಾನದ ರಣಥಂಬೋರಿನಲ್ಲಂತೂ ಕಡವೆಯ ಮೈಮೇಲೆ ಕುಳಿತು ಉಣ್ಣಿ ಹೆಕ್ಕುತ್ತದೆ, ಪ್ರವಾಸಿಗರ ಅಂಗೈಯಿಂದಲೂ ತಿಂಡಿ ಎಗರಿಸುತ್ತದೆ.

ಇಷ್ಟು ಸದ್ದು ಮಾಡುವ ಹಕ್ಕಿಯ ಗೂಡನ್ನು ಹುಡುಕುವುದು ಮಾತ್ರ ಸುಲಭವಲ್ಲ. ಮ್ಯಾಗ್‌ಪೈ ತನ್ನ ದೊಡ್ಡ ಗೂಡಿಗೆ ಮುಳ್ಳುಕಡ್ಡಿಗಳ ಚಾವಣಿ ಹೊದಿಸಿದರೆ, ಮಟಪಕ್ಷಿ ಎಲೆಗಳ ಮರೆಯಲ್ಲಿ ಕಡ್ಡಿಗಳ ಆಳವಿಲ್ಲದ ಬಟ್ಟಲೊಂದನ್ನು ಕಟ್ಟಿ, ಚಾವಣಿಯ ಕೆಲಸವನ್ನು ಮರಕ್ಕೇ ಬಿಡುತ್ತದೆ.